ಸೆಕ್ಷನ್ 504 ಮತ್ತು ವಾಕಿಟಾಕಿ

ರ‍್ಯಾಂಪ್ ಅಂದ್ರೆ ನಮಗೆ ಇಳಿಜಾರಿನ ಲೆಕ್ಕ. ಅಮೆರಿಕದಲ್ಲಿ ಅದರ ಹಿಂದೆ ಒಂದು ಧರಣಿಯೂ ಇದೆ.

ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ವಿಕಲಚೇತನರನ್ನು ಹೊರಗಿಡುವಂತಿಲ್ಲ ಎನ್ನುವ ಸೆಕ್ಷನ್ 504 ಅಲ್ಲಿ 1973ರಲ್ಲೇ ಬಂತು. ಆದರೆ ಜಾರಿ ನಿಯಮಗಳಿಗೆ ವರ್ಷಗಟ್ಟಲೆ ಸಹಿಯೇ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಯೊಳಗೆ ಕೂತುಬಿಟ್ಟರು. ಮುಂದಾಳುಗಳಲ್ಲಿ ಒಬ್ಬರಾದ ಕಿಟ್ಟಿ ಕೋನ್ ವೀಲ್‌ಚೇರ್ ಬಳಸುತ್ತಿದ್ದ ಲೆಸ್ಬಿಯನ್. ಅಧಿಕಾರಿಗಳು ಫೋನ್ ಲೈನ್ ಕಟ್ ಮಾಡಿದಾಗ ಗುಟ್ಟಾಗಿ ವಾಕಿಟಾಕಿ ತಲುಪಿಸಿದ್ದು ಬಟರ್‌ಫ್ಲೈ ಬ್ರಿಗೇಡ್. ಇದು ಗೇ ಜನರ ಮೇಲೆ ಹಲ್ಲೆ ಆಗದಂತೆ ಬೀದಿಗಳಲ್ಲಿ ಗಸ್ತು ತಿರುಗುತ್ತಿದ್ದ ಗೇ ಗಂಡಸರ ಗುಂಪು. ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೊ ಸಹಿ ಹಾಕಿದರು.

ಈ ಹೆಸರುಗಳನ್ನು ಬಿಟ್ಟು ಸೆಕ್ಷನ್ 504 ಓದಿದರೆ ನಾವು ಅರ್ಧ ಪಾಠ ಮಾತ್ರ ಓದಿದ ಹಾಗೆ.