ಬಾಡಿಯ ಅಳತೆ ಸರಿಯಿದೆಯೇ?

ಸಂಘದ ಸಭೆಯಲ್ಲಿ ಈ ಮಾತು ಎತ್ತಿದರೆ ಎಲ್ಲರೂ ಸೆರಗು ಬಾಯಿಗಿಟ್ಟು ನಗುತ್ತಾರೆ. ಆದರೆ ಹೆಗಲು ನೋವು ಅನ್ನದವರು ಕಡಿಮೆ. ಅಂಗಡಿಯಲ್ಲಿ ನಾಚಿಕೆಯಿಂದ ಹಳೇ ನಂಬರನ್ನೇ ಕೇಳಿ ತರುತ್ತೇವೆ. ಎರಡು ಹೆರಿಗೆಯಾದರೂ ಅದೇ 32!

ಬ್ರಾ ಅಥವಾ ಬಾಡಿಯಲ್ಲಿ ಹೆಚ್ಚಿನ ಭಾರ ಹೊರಬೇಕಾದದ್ದು ಎದೆಯ ಕೆಳಗೆ ಸುತ್ತುವ ಪಟ್ಟಿ, ಹೆಗಲಪಟ್ಟಿಯಲ್ಲ. ಕೆಳಪಟ್ಟಿ ಸಡಿಲವಾದರೆ ಬೆನ್ನಲ್ಲಿ ಮೇಲಕ್ಕೇರುತ್ತದೆ, ಭಾರವೆಲ್ಲ ಹೆಗಲಿಗೆ ಬಿದ್ದು ಗುಳಿ ಮೂಡುತ್ತದೆ. ತೀರಾ ಬಿಗಿಯಾದರೆ ಪಕ್ಕದಲ್ಲಿ ಮಾಂಸ ಉಬ್ಬುತ್ತದೆ, ಬೆವರು ನಿಂತು ತುರಿಕೆ ಏಳುತ್ತದೆ. ಆ ಉಬ್ಬು ಹೊಸ ಬೊಜ್ಜಲ್ಲ, ಅಳತೆ ತಪ್ಪಿದ್ದಷ್ಟೆ. ಎದೆ ಜೋತು ಬೀಳುವುದು ವಯಸ್ಸು, ಬಸಿರು, ತೂಕದ ಏರಿಳಿತದಿಂದ. ಹೊಟ್ಟೆ ಬಿಗಿಯುವ ಉಡುಪೂ ಅಷ್ಟೆ, ತೊಟ್ಟಷ್ಟು ಹೊತ್ತು ಒತ್ತಿ ಹಿಡಿಯುತ್ತದೆ, ಕೊಬ್ಬು ಕರಗಿಸುವುದಿಲ್ಲ. ಊಟವಾದ ಮೇಲೆ ಎದೆಯುರಿ ಬಂದರೆ ಕಳಚಿಡಿ.

ಹೊಸದು ಕೊಳ್ಳುವಾಗ ಸಡಿಲದ ಹುಕ್ಕಿಗೇ ಸರಿಹೊಂದಬೇಕು. ಬಟ್ಟೆ ಹಿಗ್ಗಿದಂತೆ ಒಳಗಿನ ಹುಕ್ಕಿಗೆ ಹೋಗಬಹುದು. ಪಟ್ಟಿಯೊಳಗೆ ಎರಡು ಬೆರಳು ಹೋಗಲಿ, ಕೈ ಎತ್ತಿದರೆ ಅದು ಮೇಲೇರದಿರಲಿ. ಮೊಲೆಯೂಡಿಸುವ ತಾಯಂದಿರೇ, ಬಿಗಿ ಬಾಡಿಯಿಂದ ಹಾಲು ಕಟ್ಟಿಕೊಂಡು ನೋವಾದೀತು.

ಬಿಗಿ ಬಾಡಿಯಿಂದ ಕ್ಯಾನ್ಸರ್ ಬರುತ್ತದೆ ಅನ್ನುತ್ತಾರೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಗಂಟು ಕೈಗೆ ಸಿಕ್ಕರೆ ಮಾತ್ರ ಬಾಡಿಯನ್ನು ದೂರುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.