ಘಟ್ಟದ ಮೇಲಿನ ಶಾಲೆ, ಘಟ್ಟದ ಕೆಳಗಿನ ಬಂದರು

ಸಕಲೇಶಪುರ ಮತ್ತು ಆಲೂರು ಸೀಮೆಯ ನಮ್ಮ ಮಕ್ಕಳು ಹೇಮಾವತಿಯನ್ನು ದಿನವೂ ಕಾಣುತ್ತಾರೆ; ಸಮುದ್ರವನ್ನು ಮಾತ್ರ ಭೂಪಟದ ನೀಲಿ ಬಣ್ಣವಾಗಿಯಷ್ಟೇ ಬಲ್ಲರು. ಆದರೆ ಸಕಲೇಶಪುರದಿಂದ ಮಂಗಳೂರಿನ ಹಳೆಯ ಬಂದರಿಗೆ ಇರುವ ದೂರ ಸುಮಾರು 130 ಕಿಲೋಮೀಟರುಗಳು. ರಾಜಧಾನಿಯಾದ ಬೆಂಗಳೂರಿಗಿಂತ ಅದು ನಮಗೆ ಸಮೀಪ. ಇಷ್ಟು ಹತ್ತಿರದ ಬಂದರನ್ನು ಕಾಣದೆಯೇ ನಮ್ಮ ವಿದ್ಯಾರ್ಥಿಗಳು ಶಾಲೆಯನ್ನು ಬಿಟ್ಟು ಹೋಗುವುದು ನ್ಯೂನತೆಯೇ ಸರಿ. ಒಂದೇ ದಿನದಲ್ಲಿ ಹೋಗಿ ಬರಬಹುದಾದ ಈ ಅಧ್ಯಯನ ಪ್ರವಾಸದಲ್ಲಿ ಏನನ್ನು ತೋರಿಸಬೇಕು, ಏಕೆ ತೋರಿಸಬೇಕು ಎಂಬುದನ್ನು ಉಪಾಧ್ಯಾಯ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಬಂದರಿನ ಪಾಠವು ಬಂದರಿನಲ್ಲಿ ಆರಂಭವಾಗುವುದಿಲ್ಲ. ನಮ್ಮ ಪಟ್ಟಣವನ್ನು ಹಾದುಹೋಗುವ ಹೇಮಾವತಿಯು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಯ ಪಾಲಾಗುತ್ತದೆ. ದೋಣಿಗಾಲನ್ನು ದಾಟಿ ಘಟ್ಟಕ್ಕಿಳಿದೆವೆಂದರೆ ನೀರು ದಿಕ್ಕು ಬದಲಿಸುತ್ತದೆ. ಎತ್ತಿನಹೊಳೆ ಮೊದಲಾದ ಹಳ್ಳಗಳ ನೀರು ಕೆಂಪುಹೊಳೆಯಾಗಿ, ಗುಂಡ್ಯ ಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಅಂಗಳದ ಈ ಬದಿಗೆ ಬಿದ್ದ ಮಳೆ ಒಂದು ಸಮುದ್ರಕ್ಕೆ, ಆ ಬದಿಗೆ ಬಿದ್ದದ್ದು ಇನ್ನೊಂದಕ್ಕೆ. ಮಂಜರಾಬಾದ್ ಕೋಟೆಯ ಗೋಡೆಯ ಮೇಲೆ ಮಕ್ಕಳನ್ನು ನಿಲ್ಲಿಸಿ ಹೇಳಿದರೆ ಈ ಮಾತು ಅವರು ಮರೆಯುವಂಥದಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಈ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯು ಕಾವಲಿಗೆಂದು ನಿಂತದ್ದು ಮಂಗಳೂರಿನಿಂದ ಮೇಲೇರುವ ದಾರಿಗೆ. ಆಕಾಶ ನಿರ್ಮಲವಾಗಿದ್ದ ದಿನ ಇಲ್ಲಿಂದ ಕಡಲು ಕಾಣುತ್ತದೆಂದು ಹಿರಿಯರು ಹೇಳುವುದುಂಟು.

ದಾರಿಯಲ್ಲಿ ಉಪ್ಪಿನಂಗಡಿಯ ಹೆಸರನ್ನು ಗಮನಿಸಲು ಹೇಳಬೇಕು. ಉಪ್ಪಿನ ಅಂಗಡಿ! ಕಡಲಿನ ಉಪ್ಪು ಮೇಲಕ್ಕೂ, ಮಲೆಯ ಮೆಣಸು ಏಲಕ್ಕಿಗಳು ಕೆಳಕ್ಕೂ ಸಾಗಿದ ಕಾಲವನ್ನು ಆ ಹೆಸರೇ ನೆನಪಿಸುತ್ತದೆ.

ಹಳೆಯ ಬಂದರು ಗುರುಪುರ ನದಿಯ ದಂಡೆಯ ಮೇಲಿದೆ. ನದಿಗೂ ಕಡಲಿಗೂ ನಡುವೆ ಬೆಂಗ್ರೆಯ ಉದ್ದನೆಯ ಮರಳುದಿಣ್ಣೆ. ಆರನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸನು ಮೆಣಸು ರಫ್ತಾಗುತ್ತಿದ್ದ ರೇವುಗಳ ಪೈಕಿ ಈ ಊರನ್ನು ಹೆಸರಿಸಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನು ಪಾರಸಿ ಮತ್ತು ಯೆಮೆನ್ ದೇಶಗಳ ವರ್ತಕರನ್ನು ಇಲ್ಲಿ ಕಂಡನು. ಇವರಿಬ್ಬರಿಗಿಂತಲೂ ನಮ್ಮ ಮಕ್ಕಳಿಗೆ ಹತ್ತಿರವಾಗಬಲ್ಲವನು ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ. ಟ್ಯುನೀಸಿಯಾ ದೇಶದ ಈತ ಹನ್ನೆರಡನೆಯ ಶತಮಾನದಲ್ಲಿ, 1149ರವರೆಗೆ, ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದನು. ಅವನ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಬಂದಿವೆ. ಬಸವಣ್ಣನವರೂ ಅಲ್ಲಮಪ್ರಭುಗಳೂ ಬಾಳಿದ ಶತಮಾನವೇ ಅದು. ಅನುಭವ ಮಂಟಪದ ಕಾಲವನ್ನು ನಾವು ಕಲ್ಯಾಣದ ಬೀದಿಗಳಲ್ಲಿ ಮಾತ್ರ ಕಲ್ಪಿಸಿಕೊಳ್ಳುತ್ತೇವೆ; ಅದೇ ಕನ್ನಡ ನಾಡಿನ ಅಂಚಿನಲ್ಲಿ ಏಡನ್ನಿಗೆ ಹೊರಡುವ ಹಡಗುಗಳೂ ನಿಂತಿದ್ದವು ಎಂಬುದನ್ನು ಸೇರಿಸಿಕೊಂಡರೆ ಚಿತ್ರ ಹಿರಿದಾಗುತ್ತದೆ.

ಮುಂದೆ ವೀರಶೈವರಾದ ಕೆಳದಿಯ ಅರಸರು ಈ ಕರಾವಳಿಯನ್ನಾಳಿದರು. ಕರಾವಳಿಯ ಅಕ್ಕಿಗಾಗಿ ಪೋರ್ಚುಗೀಸರು ಅವರೊಡನೆ ಕೆಲವೊಮ್ಮೆ ಕಾದಿದರು, ಕೆಲವೊಮ್ಮೆ ಒಪ್ಪಂದ ಮಾಡಿಕೊಂಡರು. 1763ರಲ್ಲಿ ಬಿದನೂರಿನೊಡನೆ ಮಂಗಳೂರೂ ಹೈದರಾಲಿಯ ಕೈಸೇರಿತು. ಎರಡನೆಯ ಮೈಸೂರು ಯುದ್ಧ ಮುಗಿದದ್ದು 1784ರ ಮಂಗಳೂರು ಒಪ್ಪಂದದಿಂದ. ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಬೋಳೂರಿನಲ್ಲಿ ಇಂದಿಗೂ ನಿಂತಿದೆ. ಬೆಳಿಗ್ಗೆ ಮಂಜರಾಬಾದ್, ಮಧ್ಯಾಹ್ನ ಬತ್ತೇರಿ. ಒಂದೇ ದಾರಿಯ ಎರಡು ಬಾಗಿಲುಗಳನ್ನು ಒಂದೇ ದಿನ ನೋಡಿದಂತಾಗುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದ್ ಸೀಮೆಯ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಇಲ್ಲಿಯ ಕ್ಯೂರಿಂಗ್ ಕಾರ್ಖಾನೆಗಳನ್ನು ಸೇರಿ ಹಡಗೇರುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನಮ್ಮ ಮನೆಗಳ ಮಾಡಿಗೆ ಬಂದ ‘ಮಂಗಳೂರು ಹಂಚಿ’ನ ಮೂಲ ಅದೇ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾದುದೂ ಅದೇ ಮಿಷನ್ನಿನ ಮುದ್ರಣಾಲಯದಿಂದ.

ಇಷ್ಟು ವೈಭವದ ಬಂದರು ಹಿಂದೆ ಬಿದ್ದುದೇಕೆ? ಎರಡು ನದಿಗಳು ತಂದು ಸುರಿದ ಹೂಳು ಮತ್ತು ಕಡಲು ತಂದು ಒಡ್ಡಿದ ಮರಳು ಅಳಿವೆಯ ಬಾಯಲ್ಲಿ ದಿಬ್ಬವಾಗುತ್ತಿದ್ದವು. ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕಬೇಕು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲದಲ್ಲಿ ಅದೂ ನಿಲ್ಲಬೇಕು. ಆ ಹೂಳಿನಲ್ಲಿ ನಮ್ಮ ಗುಡ್ಡಗಳ ಕೆಂಪು ಮಣ್ಣಿನ ಪಾಲೂ ಉಂಟೆಂಬುದನ್ನು ಮರೆಯಲಾಗದು. ಕಡೆಗೆ ಉತ್ತರದ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕೃತಕ ಬಂದರನ್ನು ನಿರ್ಮಿಸಲಾಯಿತು. ಶ್ರೀ ಉಳ್ಳಾಲ ಶ್ರೀನಿವಾಸ ಮಲ್ಯರು ಇದಕ್ಕಾಗಿ ಶ್ರಮಿಸಿದವರು. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗವೂ ಸಿದ್ಧವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಅದರ ಘಟ್ಟದ ಭಾಗದಲ್ಲಿ 57 ಸುರಂಗಗಳಿವೆ. ಇಂದು ನಮ್ಮ ಕಾಫಿ ಕಂಟೇನರುಗಳಲ್ಲಿ ಪಣಂಬೂರಿನಿಂದ ಹೊರಡುತ್ತದೆ. ಮಂಗಳೂರಿನ ಪೆಟ್ರೋಲಿಯಂ ಕೊಳವೆಯ ಮೂಲಕ ಹಾಸನಕ್ಕೂ ಬೆಂಗಳೂರಿಗೂ ಏರುತ್ತದೆ. ಹಳೆಯ ಬಂದರಿನಿಂದ ಈಗಲೂ ಲಕ್ಷದ್ವೀಪಕ್ಕೆ ಮಂಜಿಗಳು ಅಕ್ಕಿ, ತರಕಾರಿ, ಕಟ್ಟಡದ ಸಾಮಗ್ರಿಗಳನ್ನು ಹೊತ್ತೊಯ್ಯುತ್ತವೆ. ಮಕ್ಕಳಿಗೆ ತಿಳಿಯುವುದು ಈ ಮಂಜಿಗಳೇ. ಪಣಂಬೂರಿನ ಕ್ರೇನುಗಳು ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ಒಂದೊಂದೇ ಮೂಟೆ ಹೆಗಲಿನಿಂದ ಹಡಗಿಗೆ ಇಳಿಯುವುದನ್ನು ನೋಡಿದಾಗಲೇ ವ್ಯಾಪಾರವೆಂದರೇನೆಂದು ಅರಿವಾಗುವುದು.

ಇಲ್ಲಿ ಒಂದು ಕ್ಲಿಷ್ಟ ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗಲಾಗದು. ಎತ್ತಿನಹೊಳೆ ಮತ್ತು ನೆರೆಯ ಹಳ್ಳಗಳ ಮಳೆಗಾಲದ ನೀರಿನಲ್ಲಿ 24.01 ಟಿ.ಎಂ.ಸಿ.ಯನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬರದ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನಲ್ಲಿಯೇ ಉದ್ಘಾಟನೆಯಾಯಿತು. ಕುಡಿಯುವ ನೀರಿಲ್ಲದವರ ಬಾಯಾರಿಕೆ ಸುಳ್ಳಲ್ಲ. ನದಿಯ ಸಿಹಿನೀರು ಕಡಿಮೆಯಾದರೆ ಅಳಿವೆಯ ಮೀನಿಗೆ ಏನಾದೀತೆಂಬ ಕರಾವಳಿಯವರ ಅಳುಕೂ ಸುಳ್ಳಲ್ಲ. ನಡುವೆ ನಿಂತಿರುವವರು ನಾವು: ಕಾಡು ಕಡಿದದ್ದು, ಗುಡ್ಡ ಬಗೆದದ್ದು ನಮ್ಮ ನೆಲದಲ್ಲಿ. 2018ರಲ್ಲಿಯೂ 2024ರಲ್ಲಿಯೂ ಭೂಕುಸಿತಗಳಿಂದ ಶಿರಾಡಿಯ ರಸ್ತೆ, ರೈಲುಗಳೆರಡೂ ನಿಂತು ಬಂದರಿಗೂ ನಮಗೂ ಸಂಪರ್ಕ ತಪ್ಪಿದ್ದನ್ನು ಕಂಡಿದ್ದೇವೆ. ಚರ್ಚಾಸ್ಪರ್ಧೆಯಲ್ಲಿ ಈ ವಿಷಯವನ್ನು ಪರ-ವಿರೋಧವಾಗಿ ಮಾತಾಡಿಸುವ ಮೊದಲು, ಆ ನೀರಿನ ಎರಡೂ ತುದಿಗಳನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂಬುದೇ ನನ್ನ ಬಲವಾದ ಅಭಿಪ್ರಾಯ.

ಮೀನುಗಾರಿಕೆಯ ಧಕ್ಕೆಗೆ ಹೋಗುವುದೋ ಬೇಡವೋ ಎಂದು ಕೆಲವು ಪೋಷಕರು ಶಂಕಿಸಬಹುದು. ಹೋಗಲೇಬೇಕು. ನಮ್ಮ ಊಟದ ನಿಯಮ ನಮ್ಮದು. ಆದರೆ ಪರರ ದುಡಿಮೆಯ ಮುಂದೆ ಮೂಗು ಮುಚ್ಚಿಕೊಳ್ಳುವುದು ಕಾಯಕದ ಹೆಸರು ಹೇಳುವ ಸಂಸ್ಥೆಗೆ ಒಪ್ಪುವುದಿಲ್ಲ. ಶರಣರ ಸಾಲಿನಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ ಇದ್ದಾರಲ್ಲವೆ? ಮಂಜುಗಡ್ಡೆ ಒಡೆಯುವವರು, ಬಲೆ ಹೆಣೆಯುವವರು, ಬುಟ್ಟಿ ಹೊರುವ ಹೆಂಗಸರು, ಇವರೊಡನೆ ಮಕ್ಕಳು ನಾಲ್ಕು ಮಾತಾಡಲಿ.

ಪ್ರವಾಸಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಧಕ್ಕೆ ಬಿಕೋ ಎನ್ನುತ್ತದೆ. ಘಟ್ಟವೂ ಆಗ ನಂಬಿಕೆಗೆ ತಕ್ಕುದಲ್ಲ. ಪಣಂಬೂರಿನ ಬಂದರಿನೊಳಗೆ ಪ್ರವೇಶಿಸಲು ಮೊದಲೇ ಲಿಖಿತ ಅನುಮತಿ ಪಡೆಯಬೇಕು. ದೊರೆಯದಿದ್ದರೆ ಕಡಲತೀರದಲ್ಲಿ ನಿಂತು ಅಲೆತಡೆಗೋಡೆಯನ್ನೂ ಒಳಬರುವ ಹಡಗುಗಳನ್ನೂ ನೋಡಬಹುದು; ನೀರಿಗಿಳಿಯಗೊಡಬಾರದು. ಬೆಳಗಿನ ಐದಕ್ಕೆ ಹೊರಟರೆ ಧಕ್ಕೆಯ ಹರಾಜಿನ ಕೊನೆಯ ಭಾಗವಾದರೂ ಸಿಕ್ಕೀತು. ಆಗ ಮಂಜರಾಬಾದಿನ ಪಾಠವನ್ನು ಹಿಂದಿನ ದಿನವೇ ಮುಗಿಸಿಕೊಳ್ಳಬೇಕು. ಅಕ್ಕಿರೊಟ್ಟಿಯ ಬುತ್ತಿ ಮಠದಿಂದಲೇ ಹೋಗಲಿ. ಕತ್ತಲಾಗುವ ಮುನ್ನ ಶಿರಾಡಿಯನ್ನು ಹತ್ತಬೇಕಾದರೆ ಮಧ್ಯಾಹ್ನ ಮೂರು ಗಂಟೆಗೆ ಕಡಲಿಗೆ ಬೆನ್ನು ತಿರುಗಿಸಬೇಕಾಗುತ್ತದೆ.