ವೆಬ್‌ಸೈಟ್ ಮಾಡಿಸಿದ್ದಾಯಿತು, ನೋಡಿಕೊಳ್ಳುವವರು ಯಾರು?

ಶಾಲೆಗೋ ಸಹಕಾರ ಸಂಘಕ್ಕೋ ಹೋಮ್‌ಸ್ಟೇಗೋ ವೆಬ್‌ಸೈಟ್ ಮಾಡಿಸುವುದು ಈಗ ದೊಡ್ಡ ಮಾತಲ್ಲ. ಉದ್ಘಾಟನೆಯ ಫೋಟೊ ಹಾಕಿದ ಮೇಲೆ ಅತ್ತ ತಲೆಹಾಕುವವರಿಲ್ಲ, ಅದೇ ತೊಂದರೆ. ತಿಂಗಳಿಗೊಂದು ಗಂಟೆ ಎತ್ತಿಟ್ಟರೆ ಸಣ್ಣ ಸೈಟಿಗೆ ಸಾಕು.

ಮೊದಲು, ಡೊಮೈನ್ ಯಾರ ಹೆಸರಲ್ಲಿದೆ ನೋಡಿ. ಎಷ್ಟೋ ಕಡೆ ಅದು ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲೇ ಇರುತ್ತದೆ. ಅವನು ಕೆಲಸ ಸಿಕ್ಕಿ ಊರು ಬಿಟ್ಟರೆ ನವೀಕರಣದ ನೋಟಿಸೂ ಅವನಿಗೇ, ಓಟಿಪಿಯೂ ಅವನಿಗೇ. ಖಾತೆಯನ್ನು ಸಂಸ್ಥೆಯ ಇಮೇಲ್‌ಗೆ ಬದಲಿಸಿಕೊಳ್ಳಿ. ಆಟೋ ರಿನ್ಯೂವಲ್ ಹಾಕಿದ್ದರೂ ಕಾರ್ಡಿನ ಅವಧಿ ಮುಗಿದಿದ್ದರೆ ಹಣ ಕಟ್ ಆಗುವುದಿಲ್ಲ. ಕೊನೆಯ ದಿನಾಂಕಕ್ಕೆ ತಿಂಗಳ ಮುಂಚೆ ಫೋನಿನಲ್ಲಿ ರಿಮೈಂಡರ್ ಇಡಿ. ಬ್ರೌಸರ್ 'ಸುರಕ್ಷಿತವಲ್ಲ' ಎನ್ನತೊಡಗಿದರೆ ಎಸ್‌ಎಸ್‌ಎಲ್ ಪ್ರಮಾಣಪತ್ರ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರದ ಸಾಮಾನ್ಯ ಅವಧಿ 90 ದಿನ, ತಾನಾಗಿ ನವೀಕರಣವಾಗುವಂತೆ ಹೋಸ್ಟಿಂಗ್‌ನವರಿಂದ ಮಾಡಿಸಿಕೊಳ್ಳಿ.

ಎರಡನೆಯದು ಬ್ಯಾಕಪ್. ವರ್ಡ್‌ಪ್ರೆಸ್‌ನಲ್ಲಿ ಫೋಟೊಗಳು ಫೋಲ್ಡರಿನಲ್ಲಿದ್ದರೆ ಬರಹವೆಲ್ಲ ಡೇಟಾಬೇಸ್‌ನಲ್ಲಿರುತ್ತದೆ. ಬರೀ ಫೋಲ್ಡರ್ ಇಳಿಸಿಕೊಂಡು ನಿಶ್ಚಿಂತೆಯಾಗಿರಬೇಡಿ, ಎರಡೂ ಬೇಕು, ಅದೂ ಸರ್ವರಿನ ಹೊರಗೆ. ಇದಾದ ಮೇಲೆಯೇ ಅಪ್‌ಡೇಟ್. ಪ್ಲಗಿನ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಿ ಪುಟ ತೆರೆದು ನೋಡಿದರೆ ಕೆಟ್ಟಿದ್ದು ಯಾವುದರಿಂದ ಎಂದು ಗೊತ್ತಾಗುತ್ತದೆ. ಬಳಸದ ಪ್ಲಗಿನ್ ಆಫ್ ಮಾಡಿದರೆ ಸಾಲದು, ಡಿಲೀಟ್ ಮಾಡಿ.

ಫೋಟೊ ಹಾಕುವ ಮುನ್ನ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿ. ಮೊಬೈಲಿನಲ್ಲಿ ತೆಗೆದ 4-5 ಎಂಬಿ ಚಿತ್ರ ಹಾಗೇ ಹಾಕಿದರೆ ಸಿಗ್ನಲ್ ಸರಿಯಿಲ್ಲದ ಊರಲ್ಲಿ ಪುಟ ತೆರೆಯುವುದೇ ಇಲ್ಲ.

ಇನ್ನು ಕನ್ನಡದ ಸೈಟಿಗೇ ಅಂಟಿದ ತಾಪತ್ರಯಗಳು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರದಿಯನ್ನು ಹಾಗೇ ಅಂಟಿಸಿದರೆ ಓದುಗರಿಗೆ ಕಾಣುವುದು ಕೊಂಬು-ಬಾಲದ ಇಂಗ್ಲಿಷ್ ಅಕ್ಷರಗಳ ರಾಶಿ. ಗೂಗಲ್‌ಗೂ ಅದು ಕನ್ನಡವಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ನಿಮಗೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡು ನೋಡಿ. ಇಂಗ್ಲಿಷಿಗೆಂದು ಮಾಡಿದ ಥೀಮ್‌ಗಳಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ. ಶೀರ್ಷಿಕೆಯಲ್ಲಿ 'ಸ್ತ್ರೀಶಕ್ತಿ' ಎಂದು ಬರೆದು ನೋಡಿ: ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಅಥವಾ ಅರ್ಧ ಕತ್ತರಿಸಿಹೋದರೆ ಲೈನ್ ಹೈಟ್ 1.6ಕ್ಕೆ ಏರಿಸಿ, ಲೆಟರ್ ಸ್ಪೇಸಿಂಗ್ ಸೊನ್ನೆ ಮಾಡಿ.

ಹೋಸ್ಟಿಂಗ್ ಬದಲಿಸಿದಾಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದರೆ ಗಾಬರಿಯಲ್ಲಿ ಸೇವ್ ಒತ್ತಬೇಡಿ. ಆ ಚಿಹ್ನೆಗಳೇ ಡೇಟಾಬೇಸ್‌ನಲ್ಲಿ ಕೂತರೆ ಮೂಲ ಬರಹ ಹೋದಂತೆ. ಹೊಸ ಡೇಟಾಬೇಸನ್ನು ಯುಟಿಎಫ್8ಎಂಬಿ4ಗೆ ಹೊಂದಿಸಿ, ಬ್ಯಾಕಪ್‌ನಿಂದ ಮತ್ತೆ ತುಂಬಿ.

ಕೊನೆಗೆ 'ಸಂಪರ್ಕಿಸಿ' ಫಾರಂ ನೀವೇ ಒಮ್ಮೆ ತುಂಬಿ ಕಳಿಸಿ. ಮೇಲ್ ಬರದಿದ್ದರೆ ಮೊದಲು ಸ್ಪ್ಯಾಮ್ ಫೋಲ್ಡರ್ ತೆರೆಯಿರಿ. ಅಲ್ಲೂ ಇಲ್ಲದಿದ್ದರೆ ಎಸ್‌ಎಂಟಿಪಿ ಮೂಲಕ ಮೇಲ್ ಕಳಿಸುವ ಪ್ಲಗಿನ್ ಹಾಕಿಕೊಳ್ಳಿ. ಅದು ಸರಿಹೋಗುವವರೆಗೆ ಫಾರಂ ತೆಗೆದು ಫೋನ್ ನಂಬರ್ ಹಾಕಿಡಿ.